ಹೆಸರಿಲ್ಲದೆ ಬಾಳಿದ ಮಕ್ಕಳು

ಕೆಲವು ತಿಂಗಳ ಹಿಂದೆ ತೀರ್ಥಹಳ್ಳಿಯ ಕಡೆಯ ಒಂದು ಮದುವೆಯ ಮನೆಯಲ್ಲಿ, ಊಟದ ಪಂಕ್ತಿ ಎದ್ದ ಮೇಲೆ, ಹಿರಿಯರೊಬ್ಬರು ನನ್ನನ್ನು ಕೇಳಿದರು: "ಅಲ್ಲ ಮೇಷ್ಟ್ರೇ, ನಮ್ಮ ಕಾಲದಲ್ಲಿ ಈ ಆಟಿಸಂ ಅನ್ನೋದೆಲ್ಲ ಎಲ್ಲಿತ್ತು? ಮಕ್ಕಳೆಲ್ಲ ಸರಿಯಾಗೇ ಇದ್ರಲ್ಲ?" ಅವರು ಕುಹಕದಿಂದ ಕೇಳಿದ್ದಲ್ಲ. ನನ್ನ ಮಗ ಆಗ ಚಪ್ಪರದ ಕಂಬಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತ ನಡೆದಿದ್ದನು. ಅದನ್ನು ನೋಡಿ ಅವರಿಗೆ ಆ ಪ್ರಶ್ನೆ ಹುಟ್ಟಿತು. "ಇದ್ದರು; ನಾವು ಅವರನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದೆವು" ಎಂದು ನಾನು ಚುಟುಕಾಗಿ ಉತ್ತರ ಕೊಟ್ಟೆ. ಆ ಚುಟುಕು ಉತ್ತರವನ್ನು ಸ್ವಲ್ಪ ಬಿಡಿಸಿ ವಾಚಕರ ಮುಂದೆ ಇಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ಹೆಸರುಗಳ ಅರ್ಥವನ್ನು ತಿಳಿದುಕೊಳ್ಳೋಣ. ಆಟಿಸಂ ಎಂಬುದನ್ನು ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯುತ್ತಾರೆ. ಮಾತು ಮತ್ತು ಒಡನಾಟ ಇತರರಿಗೆ ಬರುವಂತೆ ಬಾರದಿರುವುದು, ಮಾಡಿದ್ದನ್ನೇ ಮಾಡುವ ಒಲವು, ದಿನದ ಕ್ರಮ ತಪ್ಪಿದರೆ ತಡೆಯಲಾರದ ಕಳವಳ, ಸದ್ದು ಬೆಳಕು ಸ್ಪರ್ಶಗಳು ಅತಿಯಾಗಿ ತಾಗುವುದು, ಇವು ಅದರ ಮುಖ್ಯ ಲಕ್ಷಣಗಳು. ಎ.ಡಿ.ಎಚ್.ಡಿ. ಎಂದು ಅಕ್ಷರಗಳಿಂದಲೇ ಕರೆಯುವ ಇನ್ನೊಂದನ್ನು ಗಮನದ ಕೊರತೆ ಮತ್ತು ಅತಿಚಟುವಟಿಕೆ ಎನ್ನಬಹುದು. ಕುಳಿತಲ್ಲಿ ಕೂರಲಾಗದು, ಹಿಡಿದ ಕೆಲಸ ಮುಗಿಯದು, ಯೋಚನೆಗಿಂತ ಮೊದಲೇ ಕೈ ಮುಂದಾಗುತ್ತದೆ. ಎರಡೂ ಎಳೆಯ ವಯಸ್ಸಿನಿಂದಲೇ ತೋರುವ, ಮಿದುಳಿನ ಬೆಳವಣಿಗೆಗೆ ಸೇರಿದ ಸ್ಥಿತಿಗಳು, ಅಂಟುವ ರೋಗಗಳಲ್ಲ. ಎರಡೂ ಒಂದೇ ಮಗುವಿನಲ್ಲಿ, ಒಂದೇ ಮನೆತನದಲ್ಲಿ ಜೊತೆಯಾಗಿ ಕಾಣುವುದು ಅಪರೂಪವೇನೂ ಅಲ್ಲ.

ಇಂಥ ಮಕ್ಕಳ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಈ ಮೂರು ತಾಲ್ಲೂಕುಗಳು ಶರಾವತಿಯ ಒಂದೇ ದಾರದಲ್ಲಿ ಪೋಣಿಸಿದವು. ಹೊಳೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾಯ್ದು, ಸಾಗರದ ಸೀಮೆಯಲ್ಲಿ ಜೋಗದ ಗುಂಡಿಗೆ ಧುಮುಕುತ್ತದೆ. ನಾಯಕರ ರಾಜಧಾನಿಗಳಾಗಿದ್ದ ಕೆಳದಿ, ಇಕ್ಕೇರಿ, ಬಿದನೂರುಗಳು ಇಲ್ಲಿಯವೇ. ಚರಿತ್ರೆಗೆ ನಮ್ಮಲ್ಲಿ ಬರವಿಲ್ಲ. ಆದರೆ ಶಾಸನಗಳು ಹೇಳುವುದು ದಾನದತ್ತಿಗಳನ್ನು, ಕಾಳಗಗಳನ್ನು. ಶಿವಪ್ಪನಾಯಕನ ಪ್ರಸಿದ್ಧವಾದ ಶಿಸ್ತು ಗದ್ದೆತೋಟಗಳ ಕಂದಾಯವನ್ನು ಲೆಕ್ಕಹಾಕಿತು. ಮಾತು ಬಾರದ ಮಗುವಿನ ಲೆಕ್ಕ ಕಂದಾಯದ ಕಡತಕ್ಕೆ ಸೇರಿದ್ದಲ್ಲ. ಆದ ಕಾರಣ ನಾವು ಬೇರೆ ಆಧಾರಗಳನ್ನು ಅರಸಬೇಕು. ನನಗೆ ತೋರುವಂತೆ ಅಂಥವು ಮೂರುಂಟು: ಆಡುವ ಮಾತು, ಹೇಳುವ ಕಥೆ, ಮನೆಯ ನೆನಪು.

ಮಾತನ್ನೇ ಮೊದಲು ನೋಡಿರಿ. ಮಂಕ, ಮೊದ್ದ, ಪೆದ್ದ, ನಮ್ಮ ಕಡೆಯ ಮಳ್ಳ: ಸುಮ್ಮನಿರುವ ಮಗುವಿಗೆ ಎಷ್ಟು ಹೆಸರುಗಳು! ಸುಮ್ಮನಿರದ ಮಗುವಿಗೆ ಕಪಿ, ಪುಂಡ, ತಂಟೆಕೋರ, ಕಾಲಿಗೆ ಚಕ್ರ ಕಟ್ಟಿಕೊಂಡವನು. ಒಂದು ಭಾಷೆಯಲ್ಲಿ ಇಷ್ಟು ಶಬ್ದಗಳು ಬಳಕೆಯಲ್ಲಿವೆಯೆಂದರೆ ಅವುಗಳಿಗೆ ಗುರಿಯಾದ ಮಕ್ಕಳೂ ಊರೂರಿಗೆ ಇದ್ದಿರಲೇಬೇಕಷ್ಟೆ. ಇವರೆಲ್ಲರೂ ಇಂದಿನ ಅರ್ಥದಲ್ಲಿ ಆ ಎರಡು ಹೆಸರುಗಳಿಗೆ ಸೇರಿದವರೆಂದು ನಾನು ಹೇಳುವುದಿಲ್ಲ. ಆದರೆ ಸೇರಿದವರು ಈ ಗುಂಪಿನಲ್ಲಿಯೇ ಅಡಗಿದ್ದರು. ಇನ್ನು ಮರುಳು ಎಂಬ ಶಬ್ದ ವಿಚಿತ್ರವಾದುದು. ಹಳಗನ್ನಡದಲ್ಲಿ ಅದಕ್ಕೆ ಭ್ರಮೆಯೆಂಬ ಅರ್ಥವೂ ಉಂಟು, ಪಿಶಾಚಿಯೆಂಬ ಅರ್ಥವೂ ಉಂಟು. ಎಂದರೆ, ತಿಳಿಯದ ನಡತೆಯನ್ನು ಕಂಡು ಹೆದರಿದ ಜನರ ಮನಸ್ಸು ಆ ಒಂದೇ ಶಬ್ದದಲ್ಲಿ ಕೂತಿದೆ. ಆದರೆ ಅದೇ ಶಬ್ದವನ್ನು ಹೊತ್ತ ಮರುಳಸಿದ್ಧ, ಮರುಳಶಂಕರದೇವ ಎಂಬ ಹೆಸರುಗಳನ್ನು ನಾಡು ಕೈಮುಗಿದು ಹೇಳುತ್ತದೆ. ಮರುಳಶಂಕರದೇವನು ಕಲ್ಯಾಣದ ಮಹಾಮನೆಯಲ್ಲಿ ಯಾರ ಗಮನಕ್ಕೂ ಬಾರದೆ ಬಹುಕಾಲ ಇದ್ದು, ಕೊನೆಗೆ ಅಲ್ಲಮಪ್ರಭುವಿನಿಂದ ಗುರುತಿಸಲ್ಪಟ್ಟ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅವಜ್ಞೆಯೂ ಗೌರವವೂ ಒಂದೇ ಶಬ್ದದಲ್ಲಿವೆ. ಯಾವುದು ಮೇಲೆ ಬರುತ್ತದೆ ಎಂಬುದು ನೋಡುವವನ ಕಣ್ಣನ್ನು ಅವಲಂಬಿಸಿದೆ.

ಕಥೆಯ ವಿಚಾರಕ್ಕೆ ಬಂದರೆ, ದುರ್ಗಸಿಂಹನು 1031ರ ಸುಮಾರಿಗೆ ಚಂಪೂರೂಪದಲ್ಲಿ ಕನ್ನಡಿಸಿದ ಪಂಚತಂತ್ರವನ್ನು ನೆನೆಯಬೇಕು. ಪಂಚತಂತ್ರ ಹುಟ್ಟಿದ್ದೇ ಓದು ಹತ್ತದ ರಾಜಕುಮಾರರಿಗಾಗಿ. ತಂದೆಯಾದ ರಾಜನಿಗೆ ಚಿಂತೆ. ಆಗ ಒಬ್ಬ ಪಂಡಿತನು ಬಂದು, ಶಾಸ್ತ್ರವನ್ನು ಬಾಯಿಪಾಠ ಮಾಡಿಸದೆ, ಸಿಂಹ ನರಿ ಎತ್ತುಗಳ ಕಥೆಗಳಿಂದ ಅವರಿಗೆ ನೀತಿಯನ್ನು ಕಲಿಸಿದನು. ಈ ಕಥೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಅದರ ತಿರುಳು ನನಗೆ ಹೊಳೆದದ್ದು ತಡವಾಗಿ: ಅಲ್ಲಿ ಮಕ್ಕಳು ಬದಲಾಗುವುದಕ್ಕೆ ಮೊದಲು ಪಾಠದ ಕ್ರಮ ಬದಲಾಯಿತು.

ಮೂರನೆಯ ಆಧಾರ ಮನೆಯ ನೆನಪು. ಇದನ್ನು ನನ್ನ ಮನೆಯಿಂದಲೇ ಹೇಳುತ್ತೇನೆ. ನನ್ನ ತಂದೆಗೆ ಹತ್ತು ವರ್ಷ ಕಿರಿಯನಾದ ಒಬ್ಬ ತಮ್ಮನಿದ್ದನು. ಚಿಕ್ಕಪ್ಪನಿಗೆ ಆರು ವರ್ಷದವರೆಗೆ ಮಾತಿಲ್ಲ. ಬಂದ ಮೇಲೂ ಕೇಳಿದ್ದನ್ನೇ ತಿರುಗಿ ಹೇಳುವ ಮಾತು. ಶಾಲೆಗೆ ಹೋದದ್ದು ಮೂರು ತಿಂಗಳು. ಆದರೆ ಅಡಿಕೆಯ ಕೊಯ್ಲಿನ ಕಾಲದಲ್ಲಿ ಆರಿಸಲು ಕೂತನೆಂದರೆ ಬೆಟ್ಟೆ, ರಾಶಿ, ಗೊರಬಲುಗಳನ್ನು ಕಣ್ಣುಮುಚ್ಚಿ ಬೆರಳಿನಿಂದ ಬೇರೆ ಮಾಡುತ್ತಿದ್ದನು. ಗೊನೆಗೆ ಎಷ್ಟು ಕಾಯಿ ಎಂಬುದನ್ನು ಎಣಿಸದೆ ಅವನಿಗೆ ನಿದ್ರೆ ಬಾರದು. ಯಾರಾದರೂ ಅವನ ಮೇಲೆ ಕೈಯೆತ್ತಿದರೆ ಅಜ್ಜಿ ಅಡ್ಡ ಬರುತ್ತಿದ್ದಳು. ಒಮ್ಮೆ ನನ್ನ ತಂದೆಗೇ ಹೇಳಿದಳಂತೆ: "ಪೆಟ್ಟಿನಿಂದ ಬುದ್ಧಿ ಬರೋದಾಗಿದ್ರೆ ಮೊದಲು ನಿಂಗೆ ಬರ್ಬೇಕಿತ್ತು."

ನಮ್ಮ ಹಳೆಯ ಮನೆ ಹೊಸನಗರ ತಾಲ್ಲೂಕಿನಲ್ಲಿ ಶರಾವತಿಯ ದಂಡೆಯ ಮೇಲಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂದಿತು. ಸಾಗರ ಹೊಸನಗರಗಳ ಎಷ್ಟೋ ಹಳ್ಳಿಗಳು ನೀರಿನಡಿ ಸೇರಿದವು. ಮುಳುಗಡೆಯ ಕಷ್ಟವನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಪ್ರತಿಯೊಂದೂ ಇದ್ದಲ್ಲಿಯೇ ಇರಬೇಕೆಂಬ ಹುಡುಗನಿಗೆ ಮುಳುಗಡೆ ಎಂದರೇನು ಎಂಬುದನ್ನು ಯಾರು ಯೋಚಿಸಿದ್ದರು? ಚಿಕ್ಕಪ್ಪನಿಗೆ ಆಗ ಹದಿನಾಲ್ಕು ವರ್ಷ. ಸಾಗರದ ಕಡೆಯ ಹೊಸ ಮನೆಗೆ ಬಂದ ದಿನದಿಂದ ಅವನು ಊಟ ಬಿಟ್ಟನು. ಹಗಲಿರುಳು ಅಂಗಳವನ್ನು ಸುತ್ತಿದನು. ಎರಡು ಸಲ ಹಳೆಯ ಊರಿನ ದಾರಿ ಹಿಡಿದು ಹೋಗಿ ನೀರಿನ ಅಂಚಿನಲ್ಲಿ ನಿಂತಿದ್ದವನನ್ನು ಕರೆತಂದರು. ನೆಂಟರು ಯಾವುದೋ ಗಾಳಿ ಸೋಕಿದೆಯೆಂದರು. ಯಂತ್ರ ಕಟ್ಟಿಸಿದರು.

ಅಜ್ಜಿ ಬೇರೊಂದು ಕೆಲಸ ಮಾಡಿದಳು. ಹೊಸ ಮನೆಯ ಅಡುಗೆಮನೆಯನ್ನು ಪೂರ್ತಿ ಬಿಚ್ಚಿ, ಹಳೆಯ ಮನೆಯಲ್ಲಿ ಇದ್ದಂತೆಯೇ ಹೂಡಿದಳು. ಒಲೆಯ ಎಡಕ್ಕೆ ನೀರಿನ ಕೊಡ, ಅದರ ಪಕ್ಕಕ್ಕೆ ಒರಳು, ಗೋಡೆಯ ಗೂಡಿನಲ್ಲಿ ದೀಪ, ಬಾಗಿಲ ಹಿಂದೆ ಮೆಟ್ಟುಗತ್ತಿ. ಹುಡುಗ ಕೂರುವ ಮಣೆಯನ್ನು ಹಳೆಯ ಮನೆಯಲ್ಲಿದ್ದಂತೆ ಮೂಡಣ ಗೋಡೆಗೆ ತಾಗಿಸಿ ಇಟ್ಟಳು. ದಿನವೂ ಅದೇ ಹೊತ್ತಿಗೆ, ಅದೇ ತಟ್ಟೆಯಲ್ಲಿ ಬಡಿಸಿದಳು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಅವನು ಬಂದು ಮಣೆಯ ಮೇಲೆ ಕೂತನಂತೆ. ಚಿಕ್ಕಪ್ಪ 1999ರಲ್ಲಿ ತೀರಿಕೊಂಡನು. ಆ ಮಣೆ ಅಲ್ಲಿಂದ ಕದಲಿದ್ದನ್ನು ನಾನು ನೋಡಿಲ್ಲ. ನಾನು ವೈದ್ಯನಲ್ಲ, ತೀರಿಹೋದವರಿಗೆ ಈಗ ಹೆಸರು ಅಂಟಿಸುವುದು ತರವೂ ಅಲ್ಲ. ಅಜ್ಜಿ ಮಾಡಿದ್ದು ಏನೆಂಬುದು ಮಾತ್ರ ನನಗೆ ಈಗ ಅರ್ಥವಾಗುತ್ತದೆ.

ಅರ್ಥವಾದದ್ದು ಹೇಗೆಂಬುದಕ್ಕೆ ನಮ್ಮ ಮಲೆನಾಡನ್ನು ಬಿಟ್ಟು ಸ್ವಲ್ಪ ದೂರ ಹೋಗಿಬರಬೇಕು. 1800ರಲ್ಲಿ ಫ್ರಾನ್ಸ್ ದೇಶದ ಅವೇರಾನ್ ಸೀಮೆಯ ಕಾಡಿನಂಚಿನಲ್ಲಿ ಮಾತು ಬಾರದ ಒಬ್ಬ ಹುಡುಗನು ಸಿಕ್ಕಿದನು. ಅವನಿಗೆ ವಿಕ್ಟರ್ ಎಂದು ಹೆಸರಿಟ್ಟರು. ಅವನು ಸ್ವಲೀನ ಬಾಲಕನಾಗಿದ್ದಿರಬೇಕೆಂದು ಇತ್ತೀಚಿನ ಕೆಲವು ವಿದ್ವಾಂಸರ ಊಹೆ. ಕಲಿಸುವುದು ವ್ಯರ್ಥವೆಂದು ದೊಡ್ಡವರು ಹೇಳಿದಾಗ, ಪ್ಯಾರಿಸಿನ ಮೂಕರ ಶಾಲೆಯ ಇಟಾರ್ ಎಂಬ ತರುಣ ವೈದ್ಯನು ಐದು ವರ್ಷ ಅವನಿಗೆ ಕಲಿಸಿದನು. ಮಾತು ಹೆಚ್ಚಾಗಿ ಬರಲಿಲ್ಲ. ಇಟಾರನು ಕೈಬಿಟ್ಟನು. ಹುಡುಗನನ್ನು ಕೊನೆಯವರೆಗೂ, ಅಂದರೆ 1828ರವರೆಗೂ, ನೋಡಿಕೊಂಡವಳು ಗೇರಾಂ ಎಂಬ ಗೃಹಿಣಿ. ಊಟದ ಮೇಜಿಗೆ ತಟ್ಟೆಗಳನ್ನು ಇಡುವುದು ವಿಕ್ಟರನ ಕೆಲಸ. ಆಕೆಯ ಗಂಡ ತೀರಿಕೊಂಡ ಮೇಲೂ ಅವನು ಎಂದಿನಂತೆ ಯಜಮಾನನ ತಟ್ಟೆಯನ್ನು ಇಟ್ಟನು. ಆಕೆ ಅಳುವುದನ್ನು ಕಂಡು ಅದನ್ನು ಎತ್ತಿಟ್ಟನು, ಮತ್ತೆಂದೂ ಇಡಲಿಲ್ಲ. ಇದನ್ನು ಇಟಾರನೇ ಬರೆದಿದ್ದಾನೆ. ಇಂಥ ಮಕ್ಕಳಿಗೆ ಮನಸ್ಸು ಕರಗುವುದಿಲ್ಲ ಎನ್ನುವವರು ಆ ತಟ್ಟೆಯನ್ನು ನೆನೆಯಬೇಕು.

ಇಟಾರನ ಶ್ರಮ ಹಾಳಾಗಲಿಲ್ಲ. ಅವನ ಶಿಷ್ಯ ಸೆಗ್ಯಾನನು ಆ ಕ್ರಮವನ್ನು ಬೆಳೆಸಿದನು. ಇಬ್ಬರ ಬರಹಗಳನ್ನೂ ಓದಿದ ಮರಿಯಾ ಮಾಂಟೆಸರಿ ಎಂಬ ವೈದ್ಯೆ ರೋಮಿನಲ್ಲಿ ಮೊದಲು ಬುದ್ಧಿಮಾಂದ್ಯರೆನಿಸಿದ ಮಕ್ಕಳಿಗೂ, 1907ರಿಂದ ಎಲ್ಲ ಮಕ್ಕಳಿಗೂ ಅದನ್ನು ಅನ್ವಯಿಸಿದಳು. ಆಕೆ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧಕಾಲವನ್ನೆಲ್ಲ ಭಾರತದಲ್ಲಿ ಕಳೆದು, ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟಳು. ಇಂದು ಪೇಟೆಯ ಶಿಶುವಿಹಾರಗಳಲ್ಲಿ ಮಕ್ಕಳು ಮಣಿಗಳನ್ನು ಪೋಣಿಸಿ ಲೆಕ್ಕ ಕಲಿಯುತ್ತಾರಲ್ಲ, ಅದರ ಬೇರು ಕಲಿಯಲಾರದವನೆಂದು ಬಿಟ್ಟ ಆ ಕಾಡಿನ ಹುಡುಗನಲ್ಲಿದೆ.

ಇನ್ನು ಹೆಸರುಗಳು ಬಂದ ಬಗೆ. ಚಂಚಲ ಮಕ್ಕಳ ವಿಚಾರವಾಗಿ 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಉಪನ್ಯಾಸಗಳನ್ನು ಕೊಟ್ಟನು. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳಿದ್ದಾರೆಂದು ಅವನು ತೋರಿಸಿದನು. ಆದರೆ ಅದನ್ನು ನೈತಿಕ ಸಂಯಮದ ದೋಷವೆಂದು ಕರೆದನು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ಮೂವತ್ತು ಮಕ್ಕಳಿಗೆ ಒಂದು ಔಷಧ ಕೊಟ್ಟಾಗ, ಅವರಲ್ಲಿ ಅನೇಕರು ತಾವಾಗಿ ಪಾಠಕ್ಕೆ ಕೂತರು. ಒಂದು ಗುಳಿಗೆಯಿಂದ ಮಗು ಕೂರಬಲ್ಲದಾದರೆ, ಅದಕ್ಕೆ ಮೊದಲು ಅದು ಕೂರದೆ ಇದ್ದದ್ದು ಹಟದಿಂದಲೋ? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಶಾಲೆಗಳಿಗೆ ಬಹಳ ಕಾಲ ಬೇಕಾಯಿತು.

ಸ್ವಲೀನ ಮಕ್ಕಳನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವರಲ್ಲಿ ಮಾಸ್ಕೋದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಮುಖ್ಯಳು. 1925ರಲ್ಲಿ ಆರು ಹುಡುಗರ ವೃತ್ತಾಂತವನ್ನು ಆಕೆ ಪ್ರಕಟಿಸಿದಳು. ಲೋಕ ಅದನ್ನು ಮರೆಯಿತು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಲಿಯೋ ಕ್ಯಾನರನು ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದನು. 1944ರಲ್ಲಿ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರನೂ ಬರೆದನು. ಕ್ಯಾನರನ ಪಟ್ಟಿಯಲ್ಲಿ ಮೊದಲನೆಯವನು ಮಿಸಿಸಿಪ್ಪಿಯ ಡೊನಾಲ್ಡ್ ಟ್ರಿಪ್ಲೆಟ್. ಎಳೆಯನಾಗಿದ್ದಾಗಲೇ ಅವನನ್ನು ಮನೆಯಿಂದ ದೂರದ ಆಶ್ರಮಕ್ಕೆ ಸೇರಿಸಿದ್ದರು. ತಂದೆತಾಯಿಗಳು ತಿರುಗಿ ಕರೆತಂದರು. 1942ರಲ್ಲಿ ಅವನನ್ನು ಒಂದು ರೈತ ದಂಪತಿಗಳ ಮನೆಯಲ್ಲಿ ಬಿಟ್ಟರು. ಹುಡುಗನಿಗೆ ಅಳೆಯುವ, ಎಣಿಸುವ ಗೀಳು. ರೈತನು ಅದನ್ನು ಬಿಡಿಸಲು ಹೋಗಲಿಲ್ಲ. ಬಾವಿ ತೋಡುವಾಗ ಆಳ ಅಳೆಯಲು ಹಚ್ಚಿದನು. ಉಳುವಾಗ ಜೋಳದ ಸಾಲುಗಳನ್ನು ಎಣಿಸಲು ಬಿಟ್ಟನು. ಎಣಿಸುತ್ತ ಎಣಿಸುತ್ತ ಹುಡುಗ ಉಳಲು ಕಲಿತನು. ಮುಂದೆ ಅವನು ಕಾಲೇಜು ಓದಿ, ಬ್ಯಾಂಕಿನಲ್ಲಿ ಕೆಲಸಮಾಡಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅಡಿಕೆ ಆರಿಸುವ ಚಿಕ್ಕಪ್ಪ. ಕ್ಯಾನರನು ಆ ಮಕ್ಕಳಲ್ಲಿ ಕಂಡ ಮುಖ್ಯ ಲಕ್ಷಣಗಳಲ್ಲಿ ಒಂದು, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಂಬಲ. ಅಜ್ಜಿ ಕ್ಯಾನರನನ್ನು ಓದಿರಲಿಲ್ಲ. ಮಗನನ್ನು ಓದಿದ್ದಳು.

ಇಲ್ಲಿ ಪಂಡಿತನಾಗಿ ಒಂದು ಮಾತು. ಸ್ವಲೀನ ಎಂದರೆ ತನ್ನಲ್ಲಿ ತಾನು ಅಡಗಿದವನು. ಗ್ರೀಕ್ ಮೂಲದ ಶಬ್ದಕ್ಕೂ ಅದೇ ಭಾವ. ಹೊರಗಿನಿಂದ ನೋಡಿದವರು ಇಟ್ಟ ಹೆಸರು ಅದು. ಚಿಕ್ಕಪ್ಪ ತನ್ನಲ್ಲಿ ಅಡಗಿರಲಿಲ್ಲ; ಕಾಯಿಯಲ್ಲಿ, ಗೊನೆಯಲ್ಲಿ, ಮುಳುಗಿದ ಊರಿನ ದಾರಿಯಲ್ಲಿ ಅಡಗಿದ್ದನು. ಬಳಕೆಗೆ ಬಂದ ಹೆಸರನ್ನು ಬದಲಿಸಬೇಕಾಗಿಲ್ಲ. ಹೆಸರಿನಿಂದ ಮಗುವನ್ನು ಅಳೆಯದಿದ್ದರೆ ಸಾಕು.

ಹೆಸರಿನ ಬೆನ್ನಿಗೇ ದೂಷಣೆಯೂ ಬಂದಿತು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತೆಂಬ ವಾದ ಪಶ್ಚಿಮ ದೇಶಗಳಲ್ಲಿ ಎರಡು ದಶಕ ಮೆರೆಯಿತು. ಬ್ರೂನೋ ಬೆಟೆಲ್‌ಹೈಮನು 1967ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದನು. ಅದನ್ನು ಮೊದಲು ಎದುರಿಸಿದವರಲ್ಲಿ ತಂದೆತಾಯಿಗಳೇ ಮುಂದು. ಲಂಡನ್ನಿನಲ್ಲಿ 1962ರಲ್ಲಿ ಪೋಷಕರು ಸಂಘ ಕಟ್ಟಿದರು. ಅಮೆರಿಕದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞನು, ತಾನೇ ಅಂಥ ಮಗುವಿನ ತಂದೆಯಾಗಿ, 1964ರಲ್ಲಿ ಇದರ ಮೂಲ ಶರೀರದಲ್ಲಿದೆ, ತಾಯಿಯ ಮಡಿಲಿನಲ್ಲಲ್ಲ ಎಂದು ವಾದಿಸಿದನು. ಇತ್ತ ನಮ್ಮ ಲಿಂಗನಮಕ್ಕಿ ಮುಗಿದ ವರ್ಷವೂ ಅದೇ. 1977ರಲ್ಲಿ ಲಂಡನ್ನಿನಲ್ಲಿ ಅವಳಿಗಳನ್ನು ಪರೀಕ್ಷಿಸಿದಾಗ, ತದ್ರೂಪಿ ಅವಳಿಗಳ ಹನ್ನೊಂದು ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಸ್ವಲೀನತೆ ಕಂಡಿತು. ಬೇರೆ ಬಗೆಯ ಅವಳಿಗಳ ಹತ್ತು ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗೆ ಕಾಣಲಿಲ್ಲ. ಇದು ಬಹುಮಟ್ಟಿಗೆ ವಂಶವಾಹಿಗಳ ವಿಷಯವೆಂದು ಅಲ್ಲಿಂದ ಸ್ಥಿರವಾಗುತ್ತ ಬಂದಿತು. ನಮ್ಮಲ್ಲಿ ತಣ್ಣಗಿನ ತಾಯಿಯೆಂಬ ಮಾತು ಬರಲಿಲ್ಲ ನಿಜ. ಆದರೆ ಪೂರ್ವಜನ್ಮದ ಪಾಪ, ನಾಗದೋಷ, ಬಸುರಿನಲ್ಲಿ ಗ್ರಹಣ ನೋಡಿದಳು, ಈಚೆಗೆ ಮೊಬೈಲು ಕೊಟ್ಟು ಕೆಡಿಸಿದಳು: ಹೇಗೆ ತಿರುಗಿಸಿದರೂ ಬೆರಳು ನಿಲ್ಲುವುದು ತಾಯಿಯ ಕಡೆಗೇ.

ಇಷ್ಟನ್ನು ಬರೆದ ಮೇಲೆ ನನ್ನ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. 1996ರ ಸುಮಾರು. ಒಂಬತ್ತನೆಯ ತರಗತಿಯಲ್ಲಿ ನನಗೊಬ್ಬ ವಿದ್ಯಾರ್ಥಿಯಿದ್ದನು. ಐದು ನಿಮಿಷ ಕೂರಲಾರನು. ಪದ್ಯ ಹೇಳಿಕೊಡುತ್ತಿದ್ದರೆ ಕಿಟಕಿಯ ಚಿಲಕ ಬಿಚ್ಚಿ ಜೋಡಿಸುತ್ತಿದ್ದನು. ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ, ಕೊನೆಗೆ ದಿನವೂ ಜಗಲಿಯಲ್ಲಿ ನಿಲ್ಲಿಸತೊಡಗಿದೆ. ದೀಪಾವಳಿಯ ರಜೆ ಕಳೆದ ಮೇಲೆ ಅವನು ಬರಲಿಲ್ಲ. ತರಗತಿ ಶಾಂತವಾಯಿತೆಂದು ನನಗೆ ಸಮಾಧಾನವೇ ಆಯಿತು.

ಎಂಟು ವರ್ಷಗಳ ಬಳಿಕ ನನಗೆ ಮಗ ಹುಟ್ಟಿದನು. ಮೂರು ತುಂಬಿದರೂ ಮಾತಿಲ್ಲ; ಆದರೆ ಒಂದು ಗಳಿಗೆ ನಿಂತಲ್ಲಿ ನಿಲ್ಲನು. 2008ರಲ್ಲಿ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವನು ಕೂಗಿದನು. ಸಹಪ್ರಯಾಣಿಕರ ಮಾತುಗಳನ್ನು ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೇಳಿದಳು. ಡಾಕ್ಟರು ಸ್ವಲೀನತೆ ಎಂದು ಬರೆದರು. ಚಂಚಲತೆಯ ವಿಚಾರ ಕೇಳಿದರೆ, ಎರಡು ಹೆಸರನ್ನೂ ಒಟ್ಟಿಗೆ ಬರೆಯುವ ರೂಢಿಯಿಲ್ಲವೆಂದರು. ಅದು ಅವರ ತಪ್ಪಲ್ಲ. ವೈದ್ಯರಲ್ಲಿ ಬಳಕೆಯಲ್ಲಿದ್ದ ಅಮೆರಿಕದ ಕೈಪಿಡಿ ಅದನ್ನು ಒಪ್ಪುತ್ತಿರಲಿಲ್ಲ. 2013ರಲ್ಲಿ ಆ ಕೈಪಿಡಿ ತಿದ್ದುಪಡಿಯಾದ ಮೇಲೆ ಎರಡನ್ನೂ ಒಟ್ಟಿಗೆ ಹೇಳಲು ಅವಕಾಶವಾಯಿತು. ನಮ್ಮ ಮಗನ ಚೀಟಿಯಲ್ಲಿಯೂ ಮುಂದೆ ಎರಡನೆಯ ಹೆಸರು ಬಂದಿತು. ಅವನೊಡನೆ ಬಾಳುವುದನ್ನು ನಾವು ಅಲ್ಪಸ್ವಲ್ಪವಾಗಿ ಕಲಿತೆವು. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸುವುದು. ಎಲ್ಲಿಗಾದರೂ ಹೊರಡುವುದಿದ್ದರೆ ಮೂರು ದಿನ ಮೊದಲೇ ಹೇಳುತ್ತ ಬರುವುದು. ಒಂದು ಸಲಕ್ಕೆ ಒಂದೇ ಮಾತು. ಪಾಠ ಹತ್ತು ನಿಮಿಷ, ಬಳಿಕ ತೋಟಕ್ಕೊಂದು ಸುತ್ತು. ಕೂಗಾಡುವಾಗ ಉಪದೇಶವಿಲ್ಲ, ಸದ್ದಿಲ್ಲದ ಒಂದು ಕೋಣೆ. ಕೆಲವು ದಿನ ಇವೆಲ್ಲವೂ ನಡೆಯುತ್ತವೆ. ಕೆಲವು ದಿನ ಯಾವುದೂ ನಡೆಯುವುದಿಲ್ಲ. ಆಗ ನನ್ನ ಹೆಂಡತಿಯೋ ನಾನೋ ಒಬ್ಬರು ಹಿತ್ತಲಿಗೆ ಹೋಗಿ ಸುಮ್ಮನೆ ನಿಂತು ಬರುತ್ತೇವೆ. ಈಗ ಅವನಿಗೆ ಇಪ್ಪತ್ತು ದಾಟಿದೆ. ಅಡಿಕೆಯ ಕಾಲದಲ್ಲಿ ಅವನೂ ಆರಿಸಲು ಕೂರುತ್ತಾನೆ.

ನಾಲ್ಕು ವರ್ಷದ ಹಿಂದೆ ತೋಟದ ಪಂಪು ಕೆಟ್ಟಿತು. ರಿಪೇರಿಗೆ ಬಂದವನು ಆ ಹಳೆಯ ವಿದ್ಯಾರ್ಥಿಯೇ. ಈಗ ಸೀಮೆಯಲ್ಲೆಲ್ಲ ಪಂಪುಸೆಟ್ಟಿಗೆ ಅವನದೇ ಕೈ. ನನ್ನ ಮಗ ಅವನ ಪಾನಾಗಳನ್ನೆಲ್ಲ ಚೀಲದಿಂದ ತೆಗೆದು ಗಾತ್ರದ ಪ್ರಕಾರ ಸಾಲಾಗಿ ಜೋಡಿಸಿದನು. ಅವನು ತಡೆಯಲಿಲ್ಲ, ಬೇಕಾದ ಪಾನಾವನ್ನು ಮಗನ ಕೈಯಿಂದಲೇ ಕೇಳಿ ತೆಗೆದುಕೊಂಡು ಕೆಲಸ ಮುಗಿಸಿದನು. ಹೋಗುವಾಗ ಮೆಲ್ಲಗೆ ಕೇಳಿದನು: "ಸಾರ್, ಇವನನ್ನ ಶಾಲೆಯಲ್ಲಿ ಹೊರಗೆ ನಿಲ್ಲಿಸ್ತಿರ್ಲಿಲ್ಲ ತಾನೆ?" ಅದರಲ್ಲಿ ಕಹಿಯಿರಲಿಲ್ಲ. ನಾನು ಅವನ ಕೈಹಿಡಿದು, "ತಪ್ಪಾಯ್ತಪ್ಪ" ಎಂದೆ. ಅವನು ನಕ್ಕು ಬೈಕು ಹತ್ತಿದನು. ಇಪ್ಪತ್ತೈದು ವರ್ಷಗಳ ಬಳಿಕ ಹೇಳಿದ ಆ ಮಾತಿನಿಂದ ಅವನ ಒಂಬತ್ತನೆಯ ತರಗತಿ ತಿರುಗಿ ಬರಲಿಲ್ಲ.

ಈಗ ಸರ್ಕಾರದ ಮತ್ತು ಶಾಸನದ ಕಡೆ ನೋಡೋಣ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮೈಸೂರಿನಲ್ಲಿ 1965ರಲ್ಲಿ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾಯಿತು. ಮಾತು ತಡವಾದ ಮಕ್ಕಳ ಪೋಷಕರಿಗೆ ಅದು ದೊಡ್ಡ ಆಸರೆ. ದೆಹಲಿಯಲ್ಲಿ 1991ರಲ್ಲಿ ಒಬ್ಬ ತಾಯಿ ಮುಂದಾಗಿ ಸ್ವಲೀನ ಮಕ್ಕಳಿಗಾಗಿ ಸಂಘ ಕಟ್ಟಿದಳು. ಆದರೂ 1995ರ ಅಂಗವಿಕಲರ ಕಾಯಿದೆಯ ಏಳು ಹೆಸರುಗಳಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯಲ್ಲಿ ಅದು ಮೊದಲು ಸೇರಿತು; 2016ರ ಕಾಯಿದೆಯ ಇಪ್ಪತ್ತೊಂದು ಹೆಸರುಗಳಲ್ಲಿಯೂ ಬಂದಿತು. ಎ.ಡಿ.ಎಚ್.ಡಿ. ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮನಸ್ಸನ್ನು ನೋಯಿಸುವುದನ್ನೂ ನಿಷೇಧಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಶಾಲೆಗಳಿಗೂ ಬಂದು ಮಕ್ಕಳನ್ನು ನೋಡಬೇಕು. ಅವರು ಗಮನಿಸಬೇಕಾದವುಗಳಲ್ಲಿ ಈ ಎರಡೂ ಸೇರಿವೆ.

ಇವು ಹೆಚ್ಚಿನ ಸಂಗತಿಗಳೆ ಎಂದು ಕೇಳಬಹುದು. ದೇಶದ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಿವಿ ಕಣ್ಣುಗಳ ದೋಷವೂ ಸೇರಿ, ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ಬೆಳವಣಿಗೆಯ ಒಂದಲ್ಲ ಒಂದು ತೊಡಕು ಇದೆ. ಎಂದರೆ, ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಮಂದಿ. ಅವರನ್ನೆಲ್ಲ ಜಗಲಿಯಲ್ಲಿ ನಿಲ್ಲಿಸಲು ಸಾಧ್ಯವೆ?

ನೆರವು ನಮ್ಮ ಮೂರು ತಾಲ್ಲೂಕುಗಳಿಗೆ ಬಾರದೆಂದು ನಿರಾಶರಾಗಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರ ಸುಮಾರಿನಿಂದ ನಿಮ್ಹಾನ್ಸ್‌ನ ವೈದ್ಯರು ತೀವ್ರ ಮನೋರೋಗಿಗಳನ್ನು ಊರೂರಿನಲ್ಲಿ ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಯೋಗಕ್ಷೇಮವನ್ನು ನೋಡಿದರು. ಅದು ಬೇರೆ ಕಾಯಿಲೆಯ ಕೆಲಸ. ಆದರೆ ರೋಗಿ ಪೇಟೆಗೆ ಹೋಗಲಾರದಲ್ಲಿ ವೈದ್ಯ ಹಳ್ಳಿಗೆ ಬರಬಹುದೆಂಬುದನ್ನು ಅದು ನಮ್ಮ ಮಣ್ಣಿನಲ್ಲಿಯೇ ತೋರಿಸಿತು. ಮಾತು ಕಲಿಸುವವರೂ, ಕೈಕೆಲಸ ಕಲಿಸುವವರೂ, ತಂದೆತಾಯಿಗಳಿಗೆ ಹಾದಿ ತೋರುವವರೂ ವಾರಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಾದರೆ, ಮಳೆಗಾಲದಲ್ಲಿ ಘಟ್ಟದ ರಸ್ತೆ ಹಿಡಿದು ಮಗುವನ್ನು ಹೊತ್ತು ಅಲೆಯುವುದು ತಪ್ಪುತ್ತದೆ. ಇದನ್ನು ಕೇಳುವುದು ನಮ್ಮ ಕರ್ತವ್ಯ.

ಹಳೆಯ ಕೂಡುಕುಟುಂಬವನ್ನು ಹೊಗಳುವುದಕ್ಕಾಗಿ ನಾನು ಇದನ್ನು ಬರೆಯಲಿಲ್ಲ. ಹತ್ತು ಜನರ ಮನೆಯಲ್ಲಿ ಒಬ್ಬರಲ್ಲದಿದ್ದರೆ ಇನ್ನೊಬ್ಬರು ಮಗುವನ್ನು ನೋಡುತ್ತಿದ್ದರು, ನಿಜ. ಆದರೆ ಚಿಕ್ಕಪ್ಪನಿಗೆ ಅಕ್ಷರ ಸಿಗಲಿಲ್ಲ. ಅಜ್ಜಿಗೆ ಒಂದು ದಿನದ ಬಿಡುವು ಸಿಗಲಿಲ್ಲ. ಅವಳು ತೌರುಮನೆಯ ಮದುವೆಗೂ ಹೋದವಳಲ್ಲ. ಎಲ್ಲ ಮನೆಗಳಲ್ಲಿಯೂ ಅಂಥ ಅಜ್ಜಿ ಇರಲಿಲ್ಲ. ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡ ಮಕ್ಕಳ ಕಥೆಗಳೂ ನಮ್ಮ ಕಡೆ ಉಂಟು. ಅಂದು ಅಜ್ಜಿಯ ತಾಳ್ಮೆಯಿತ್ತು, ಹೆಸರಿರಲಿಲ್ಲ. ಇಂದು ಹೆಸರು ಬಂದಿದೆ. ಹೆಸರು ಬಂದಿತೆಂದು ತಾಳ್ಮೆಯನ್ನು ಬಿಟ್ಟುಕೊಟ್ಟರೆ ನಮಗೆ ಲಾಭವೇನು?

ಆದ ಕಾರಣ, ವಾಚಕರೇ, ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಮಾತು ತಡವಾದ, ಕರೆದರೆ ತಿರುಗದ, ನಿಂತಲ್ಲಿ ನಿಲ್ಲದ ಮಗುವಿದ್ದರೆ ದೊಡ್ಡವನಾದ ಮೇಲೆ ಸರಿಹೋಗುತ್ತದೆಂದು ಕಾಯಬೇಡಿ, ಬೇಗ ತೋರಿಸಿರಿ. ಪೂರ್ತಿ ಗುಣಪಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಆ ಮಗುವಿನ ತಾಯಿಗೆ ಉಪದೇಶ ಮಾಡುವುದಕ್ಕಿಂತ, ಒಂದು ಗಂಟೆ ಮಗುವನ್ನು ನೋಡಿಕೊಂಡು ಅವಳನ್ನು ಮಲಗಲು ಕಳುಹಿಸಿರಿ. ಮದುವೆಯ ಮನೆಯಲ್ಲಿ ಆ ಹಿರಿಯರು ಕೊನೆಗೆ ಹಾಗೆಯೇ ಮಾಡಿದರು. ನನ್ನ ಮಗನ ಹಿಂದೆ ನಡೆದು, ಅವನು ಕಂಬಗಳನ್ನು ಎಣಿಸಿ ಮುಗಿಸುವವರೆಗೆ ಜೊತೆಗಿದ್ದು, ತಿರುಗಿ ಬಂದು ಹೇಳಿದರು: "ಮೂವತ್ತೆರಡಂತೆ, ಮೇಷ್ಟ್ರೇ. ನಾನೂ ಎಣಿಸಿದೆ. ಸರಿ ಇದೆ."